ವಿಯೆಟ್ನಾಂ: ಮಧ್ಯಾಹ್ನಕ್ಕೆ ದೊಡ್ಡ ಹೋಟೆಲು, ಹೊಟ್ಟೆಗೆ ಬೀದಿಯ ಊಟ

ವಿಯೆಟ್ನಾಂಗೆ ಹೋಗೋಣ ಅಂತ ತೀರ್ಮಾನ ಆಗಿದ್ದು ಬೇಗ. ಯಾವ ಹೋಟೆಲು ಅನ್ನುವುದಕ್ಕೇ ಜಾಸ್ತಿ ದಿನ ಹಿಡಿಯಿತು. ಮನೆಮಂದಿಯೆಲ್ಲ ಒಮ್ಮೆಯಾದರೂ ಒಳ್ಳೆಯ ಹೋಟೆಲಿನಲ್ಲಿ ಉಳಿಯಬೇಕು ಅನ್ನುವುದು ಇವರ, ಅಂದರೆ ನನ್ನ ಗಂಡನ, ಬಹಳ ದಿನದ ಆಸೆ. ಹೋದ ಊರಿನ ಊಟವನ್ನು ಊರಿನೊಳಗೇ ತಿನ್ನಬೇಕು ಅನ್ನುವುದು ನನ್ನ ಹಠ. ಜೊತೆಗೆ ಅತ್ತೆ, ಮಗಳು, ಮಗ. ಅತ್ತೆ ಮಾಂಸ, ಮೀನು, ಮೊಟ್ಟೆ ಎಲ್ಲ ಬಿಟ್ಟು ಎಷ್ಟೋ ವರ್ಷವಾಯಿತು. ನಾವು ನಾಲ್ವರು ಕೋಳಿ, ಮೀನು ತಿನ್ನುತ್ತೇವೆ.

"ರಾತ್ರಿ ಮಲಗೋಕೆ ಅಷ್ಟು ದುಡ್ಡು ಯಾಕಪ್ಪಾ?" ಅಂತ ಅತ್ತೆ ಇವರನ್ನು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ನಾನು ಈಗ ಕೊಡುವ ಉತ್ತರ ಇದು: ದೊಡ್ಡ ಹೋಟೆಲಿಗೆ ಹಣ ಕೊಡಬೇಕಾದದ್ದು ಮಧ್ಯಾಹ್ನಕ್ಕಾಗಿ. ಹನ್ನೆರಡರಿಂದ ನಾಲ್ಕರವರೆಗೆ ವಯಸ್ಸಾದವರು ಕಾಲು ಚಾಚಬೇಕು, ಮಕ್ಕಳು ನೀರಿಗೆ ಇಳಿಯಬೇಕು, ಒಳ್ಳೆಯ ಬಾತ್‌ರೂಮು ಬೇಕು, ನೆರಳು ಬೇಕು. ಇಷ್ಟು ಸಿಕ್ಕರೆ ಸಂಜೆ ಎಲ್ಲರೂ ಮತ್ತೆ ಹುಮ್ಮಸ್ಸಿನಿಂದ ಬೀದಿಗೆ ಇಳಿಯುತ್ತಾರೆ. ಅದು ಸಿಗದಿದ್ದರೆ ಸಂಜೆಯ ಊಟ ರೂಮಿಗೇ ತರಿಸುವ ಹಾಗಾಗುತ್ತದೆ. ಹಾಗಾಗಿ ನಮ್ಮ ಲೆಕ್ಕ ಸುಲಭವಾಗಿತ್ತು. ಬೆಳಗಿನ ತಿಂಡಿ ಹೋಟೆಲಿನಲ್ಲಿ, ಮಧ್ಯಾಹ್ನದ ವಿಶ್ರಾಂತಿ ಹೋಟೆಲಿನಲ್ಲಿ, ಉಳಿದ ಊಟವೆಲ್ಲ ಹೊರಗೆ.

ಹೋದದ್ದು ಏಪ್ರಿಲ್‌ನಲ್ಲಿ, ಮಕ್ಕಳ ರಜೆಗೆ ಹೊಂದಿಸಿಕೊಂಡು. ಮಧ್ಯ ವಿಯೆಟ್ನಾಂನಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ಜೋರು ಮಳೆ. ಹೊಯ್ ಆನ್‌ನ ಹಳೆಯ ಬೀದಿಗಳಿಗೆ ಹೊಳೆ ನೀರು ನುಗ್ಗುವುದೂ ಆಗಲೇ. ಏಪ್ರಿಲ್‌ನಲ್ಲಿ ಅಲ್ಲಿ ಒಣ ಹವೆ, ಬಿಸಿಲು ಮಾತ್ರ ಚುರುಕು. ಇನ್ನೊಂದು ವಿಷಯ ಗೊತ್ತಿರಲಿ. ಏಪ್ರಿಲ್ 30 ಮತ್ತು ಮೇ 1 ಅಲ್ಲಿ ದೊಡ್ಡ ರಜೆ. ದೇಶವೇ ಪ್ರವಾಸ ಹೊರಡುತ್ತದೆ, ರೂಮಿನ ಬಾಡಿಗೆ ಏರುತ್ತದೆ. ನಾವು ಅದಕ್ಕೆ ಮೊದಲೇ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿಸಿದೆವು.

ವೀಸಾ ಆನ್‌ಲೈನಿನಲ್ಲೇ ಆಗುತ್ತದೆ. 2023ರ ಆಗಸ್ಟ್‌ನಿಂದ ಇ-ವೀಸಾಕ್ಕೆ 90 ದಿನದವರೆಗೆ ಅವಧಿ ಕೊಡುತ್ತಾರೆ. ಒಂದು ಸಲ ಪ್ರವೇಶಿಸುವ ವೀಸಾಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50. ಮಕ್ಕಳಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಆದ್ದರಿಂದ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ ಎಲ್ಲವನ್ನೂ ಮಗಳು ಓದಿ ಹೇಳಿದಳು, ನಾನು ಪಾಸ್‌ಪೋರ್ಟ್ ಹಿಡಿದು ತಾಳೆ ನೋಡಿದೆ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಅಂತಲೂ ಅರ್ಜಿಯಲ್ಲೇ ಆರಿಸಬೇಕು. ಸರ್ಕಾರದ್ದೇ ವೆಬ್‌ಸೈಟಿನಂತೆ ಕಾಣುವ ಏಜೆಂಟರ ಸೈಟುಗಳು ಬಹಳ ಇವೆ. ಅವು ಇದೇ ಕೆಲಸಕ್ಕೆ ಜಾಸ್ತಿ ಹಣ ಕೇಳುತ್ತವೆ. ಬಂದ ವೀಸಾವನ್ನು ಪ್ರಿಂಟ್ ತೆಗೆದು ಒಂದೊಂದು ಪಾಸ್‌ಪೋರ್ಟಿನೊಳಗೂ ಇಟ್ಟೆವು.

ರೂಮು ಬುಕ್ ಮಾಡುವುದಕ್ಕೇ ನಿಜವಾದ ತಾಳ್ಮೆ ಬೇಕು. ದೊಡ್ಡ ಹೋಟೆಲುಗಳು ಹೆಚ್ಚಾಗಿ ಒಂದು ರೂಮಿಗೆ ಇಬ್ಬರು ದೊಡ್ಡವರ ಲೆಕ್ಕ ಹಿಡಿಯುತ್ತವೆ. ಐದು ಜನರಿಗೆ ಎರಡು ರೂಮು ಬೇಕೇ ಬೇಕು. ಆ ಎರಡರ ನಡುವೆ ಒಳಗಿನಿಂದ ಬಾಗಿಲು ಇರಬೇಕು. ಅತ್ತೆ ಮಗಳ ಜೊತೆ ಒಂದು ರೂಮಿನಲ್ಲಿ, ನಾವು ಮಗನ ಜೊತೆ ಇನ್ನೊಂದರಲ್ಲಿ. ರಾತ್ರಿ ಅತ್ತೆಗೆ ಏನಾದರೂ ಬೇಕಾದರೆ ಕಾರಿಡಾರಿಗೆ ಹೋಗಿ ಬಾಗಿಲು ತಟ್ಟುವ ಹಾಗಿರಬಾರದು. ಬುಕಿಂಗ್ ಸೈಟಿನಲ್ಲಿ "ಕನೆಕ್ಟಿಂಗ್ ರೂಮ್ ಬೇಕು" ಅಂತ ಟಿಕ್ ಹಾಕಿದರೆ ಅದು ಬರೀ ಕೋರಿಕೆ. ಹನೋಯ್, ಹ್ವೇ, ಹೊಯ್ ಆನ್, ಹೀಗೆ ನಾವು ಉಳಿಯಲಿದ್ದ ಮೂರೂ ಊರಿನ ಹೋಟೆಲಿಗೆ ನಾನು ಇಮೇಲ್ ಬರೆದು, ಕೊಟ್ಟೇ ಕೊಡುತ್ತೇವೆ ಅಂತ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡೆ. ಈ ಇಮೇಲ್ ಆಮೇಲೆ ಕೆಲಸಕ್ಕೆ ಬಂತು.

ಬಾಡಿಗೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಎಚ್ಚರ. ಸೇವಾ ಶುಲ್ಕವೂ ತೆರಿಗೆಯೂ ಅದರ ಮೇಲೆ ಸೇರುತ್ತವೆ ಅಂತ ಅರ್ಥ. ಸೇವಾ ಶುಲ್ಕ ಸಾಮಾನ್ಯವಾಗಿ 5%. ತಿಂಡಿ ಸೇರಿದೆಯೇ, ಮಗನ ವಯಸ್ಸಿಗೆ ತಿಂಡಿಗೆ ಬೇರೆ ಹಣವೇ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಇಷ್ಟನ್ನೂ ಸೇರಿಸಿ ಕೂಡಿದ ಮೇಲೆಯೇ ಎರಡು ಹೋಟೆಲುಗಳನ್ನು ಹೋಲಿಸಬೇಕು. ಕಡಿಮೆ ಅಂತ ಕಂಡದ್ದು ಕೂಡಿದ ಮೇಲೆ ಜಾಸ್ತಿಯಾದದ್ದೂ ಇತ್ತು.

ಹನೋಯ್‌ನಲ್ಲಿ ನಾವು ಆರಿಸಿದ್ದು ಸೋಫಿಟೆಲ್ ಲೆಜೆಂಡ್ ಮೆಟ್ರೊಪೋಲ್. 1901ರಲ್ಲಿ ಫ್ರೆಂಚರ ಕಾಲದಲ್ಲಿ ಶುರುವಾದ ಹೋಟೆಲು. ಬಿಳಿ ಗೋಡೆ, ಹಸಿರು ಕಿಟಕಿ ಬಾಗಿಲು. ನಡೆದೇ ಹೋಗುವಷ್ಟು ದೂರದಲ್ಲಿ ಹೋನ್ ಕಿಯೆಮ್ ಕೆರೆ, ಹತ್ತಿರದಲ್ಲೇ 1911ರ ಆಪೆರಾ ಹೌಸ್. ಚಾರ್ಲಿ ಚಾಪ್ಲಿನ್ ಮದುವೆಯಾದ ಹೊಸತರಲ್ಲಿ, 1936ರಲ್ಲಿ, ಪಾಲೆಟ್ ಗೊಡಾರ್ಡ್ ಜೊತೆ ಇಲ್ಲಿ ಉಳಿದಿದ್ದರು. ಹಳೆಯ ಭಾಗದ ಮರದ ಮೆಟ್ಟಿಲು ಹತ್ತುವಾಗ ಕಾಲಡಿ ಬರುವ ಸದ್ದು ನನಗೆ ತುಂಬ ಇಷ್ಟವಾಯಿತು. ಅತ್ತೆಗೆ ಇಷ್ಟವಾದದ್ದು ಬಾಗಿಲಲ್ಲಿ ನಿಂತಿದ್ದ ಹುಡುಗ. ಹನೋಯ್‌ನ ರಸ್ತೆ ದಾಟುವುದು ಅಂದರೆ ಸ್ಕೂಟರುಗಳ ಪ್ರವಾಹಕ್ಕೆ ಇಳಿದ ಹಾಗೆ. ನಿಲ್ಲಬಾರದು, ಓಡಬಾರದು, ಒಂದೇ ವೇಗದಲ್ಲಿ ನಿಧಾನಕ್ಕೆ ನಡೆಯಬೇಕು, ಅವರೇ ಸುತ್ತಿಕೊಂಡು ಹೋಗುತ್ತಾರೆ. ಇದನ್ನು ಅತ್ತೆಗೆ ಕಲಿಸಿದ್ದು ಆ ಹುಡುಗ. ಕೈ ಹಿಡಿದು ಆಚೆ ದಾಟಿಸಿ, ಮತ್ತೆ ಈಚೆ ದಾಟಿಸಿ, ಮೂರನೇ ಸಲ ಅವರನ್ನೇ ಮುಂದೆ ಬಿಟ್ಟ. ಅತ್ತೆ ದಾಟಿಬಿಟ್ಟರು. "ನೋಡಮ್ಮಾ, ಇನ್ನು ನಾನೇ ನಿಮ್ಮನ್ನ ಕರ್ಕೊಂಡು ಹೋಗ್ತೀನಿ" ಅಂದರು ನನಗೆ.

ಹೋಟೆಲಿನಲ್ಲಿ ಉಳಿದವರಿಗೆ ಅದರ ಇತಿಹಾಸ ತೋರಿಸುವ ಒಂದು ಸುತ್ತು ಇದೆ. ದಯವಿಟ್ಟು ಅದನ್ನು ಬಿಡಬೇಡಿ. ಈಜುಕೊಳದ ಪಕ್ಕದ ಬಾರಿನ ಕೆಳಗೆ ಯುದ್ಧಕಾಲದ ಬಂಕರ್ ಇದೆ. ಯುದ್ಧ ಮುಗಿದ ಮೇಲೆ ಅದನ್ನು ಮುಚ್ಚಿದ್ದರು, ಕಾಲಕ್ರಮದಲ್ಲಿ ಅದು ಎಲ್ಲಿದೆ ಅನ್ನುವುದೇ ಮರೆತುಹೋಗಿತ್ತು. 2011ರಲ್ಲಿ ಬಾರಿನ ದುರಸ್ತಿಗೆ ಅಗೆದಾಗ ಮತ್ತೆ ಸಿಕ್ಕಿತು. 1972ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಮಾನಗಳು ಹನೋಯ್ ಮೇಲೆ ಬಾಂಬ್ ಹಾಕುತ್ತಿದ್ದಾಗ, ಅಮೆರಿಕದ್ದೇ ಗಾಯಕಿ ಜೋನ್ ಬಯೆಜ್ ಈ ಹೋಟೆಲಿನಲ್ಲಿದ್ದರು. ಇತರ ಅತಿಥಿಗಳ ಜೊತೆ ಇದೇ ಬಂಕರಿಗೆ ಇಳಿದಿದ್ದರು. ಮೇಲೆ ಬಿಳಿ ಟವೆಲು, ತಣ್ಣಗಿನ ಹಣ್ಣಿನ ರಸ. ಕೆಳಗೆ ದಪ್ಪ ಕಾಂಕ್ರೀಟು, ತಗ್ಗಿದ ಚಾವಣಿ, ತೇವದ ವಾಸನೆ. ಮಗ ಅಲ್ಲಿಂದ ಮೇಲೆ ಬಂದವನು ಈಜುಕೊಳಕ್ಕೆ ಇಳಿಯದೆ ಬಹಳ ಹೊತ್ತು ಪ್ರಶ್ನೆ ಕೇಳುತ್ತಲೇ ಇದ್ದ. ಯಾರು ಹಾಕಿದ್ದು, ಯಾಕೆ ಹಾಕಿದ್ದು, ಆಸ್ಪತ್ರೆ ಮೇಲೂ ಬಿತ್ತಾ? ಬಿದ್ದಿತ್ತು. ಅದೇ ತಿಂಗಳು ಬಾಕ್ ಮಾಯ್ ಆಸ್ಪತ್ರೆಯ ಮೇಲೂ ಬಾಂಬು ಬಿದ್ದು ಡಾಕ್ಟರುಗಳು, ನರ್ಸುಗಳು ಸತ್ತಿದ್ದರು. ಇವರು ಅವನಿಗೆ ಒಂದನ್ನೂ ಮುಚ್ಚಿಡದೆ ಹೇಳಿದರು. ನನಗೆ ಅದು ಸರಿ ಅನಿಸಿತು.

ಈ ಹೋಟೆಲಿಗೂ ಬೀದಿಗೂ ಒಂದು ನಂಟಿದೆ, ಅದು ಕಾಫಿಯದು. 1946ರಲ್ಲಿ ಹಾಲಿಗೆ ಬರ ಬಂದಿತ್ತು. ಮೆಟ್ರೊಪೋಲ್‌ನಲ್ಲಿ ಕೆಲಸ ಮಾಡುತ್ತಿದ್ದ ನುಯೆನ್ ವಾನ್ ಜಾಂಗ್ ಅವರು ಹಾಲಿನ ನೊರೆಯ ಬದಲು ಮೊಟ್ಟೆಯ ಹಳದಿ ಭಾಗವನ್ನು ಸಕ್ಕರೆ ಹಾಕಿ ಕಡೆದು ಕಾಫಿಯ ಮೇಲೆ ಹಾಕಿದರು. ಆಮೇಲೆ ತಮ್ಮದೇ ಅಂಗಡಿ ತೆರೆದರು. ಕೆಫೆ ಜಾಂಗ್ ಇವತ್ತಿಗೂ ಅವರ ಮನೆಯವರ ಕೈಯಲ್ಲೇ ಇದೆ. ಹಳೆಯ ಪೇಟೆಯಲ್ಲಿ ಒಂದು ಇಕ್ಕಟ್ಟಾದ ಓಣಿ ದಾಟಿ ಒಳಗೆ ಹೋಗಬೇಕು, ಗಿಡ್ಡ ಸ್ಟೂಲಿನ ಮೇಲೆ ಕೂರಬೇಕು. ಲೋಟ ತಣ್ಣಗಾಗದಿರಲಿ ಅಂತ ಬಿಸಿನೀರಿನ ಬಟ್ಟಲಿನೊಳಗೆ ಇಟ್ಟು ತಂದುಕೊಡುತ್ತಾರೆ. ಮೇಲೆ ದಪ್ಪ ಹಳದಿ ನೊರೆ, ಕೆಳಗೆ ಗಾಢ ರೊಬಸ್ಟಾ. ಮೊಟ್ಟೆಯ ವಾಸನೆ ಬರುತ್ತದೆ ಅಂತ ಹೆದರುವವರು ಹೆದರಬೇಕಾಗಿಲ್ಲ. ಮೊದಲು ಚಮಚದಲ್ಲಿ ನೊರೆ ತಿನ್ನಿ, ಆಮೇಲೆ ಕಲಸಿ ಕುಡಿಯಿರಿ. ಅತ್ತೆಗೆ ಬೇರೊಂದು ಕಡೆ ತೆಂಗಿನ ಹಾಲಿನ ಕಾಫಿ ಸಿಕ್ಕಿತು. ಅದು ಅವರಿಗೆ ಎಷ್ಟು ಹಿಡಿಸಿತು ಅಂದರೆ ದಿನಾ ಸಂಜೆ ಅದೇ ಆಗಬೇಕು ಅಂದರು.

ಅತ್ತೆಯ ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದಕ್ಕೇ ಹೆದರಿ ಎಷ್ಟೋ ಜನ ವಿಯೆಟ್ನಾಂ ಬೇಡ ಅನ್ನುತ್ತಾರೆ. ವಿಯೆಟ್ನಾಂ ಅಡುಗೆಯ ಉಪ್ಪು ಅಂದರೆ ಮೀನಿನ ಸಾಸು, ನುಯೋಕ್ ಮಾಮ್. ಬರೀ ಸೊಪ್ಪಿನ ಪಲ್ಯಕ್ಕೂ ಅದನ್ನೇ ಹಾಕುತ್ತಾರೆ. ಹುರಿಯುವ ಎಣ್ಣೆ ಹಂದಿಯ ಕೊಬ್ಬಾಗಿರಬಹುದು, ಸಾರು ಎಲುಬಿನದಾಗಿರಬಹುದು. "ವೆಜಿಟೇರಿಯನ್" ಅಂತ ಕೇಳಿದರೆ ಕೆಲವರು ಮಾಂಸದ ತುಂಡು ಹಾಕದೆ ಕೊಡುತ್ತಾರೆ, ಅಷ್ಟೇ. ಒಂದು ರೆಸ್ಟೋರೆಂಟಿನಲ್ಲಿ ಹೀಗೇ ಆಯಿತು. ಮೆನುವಿನಲ್ಲಿ ಎಲೆಯ ಚಿತ್ರ ಇತ್ತು, ಬಡಿಸಿದವರೂ ಹೌದು ಹೌದು ಅಂದರು. ಎರಡು ತುತ್ತಾದ ಮೇಲೆ ಅತ್ತೆ ಚಮಚ ಕೆಳಗಿಟ್ಟರು. ಅಡುಗೆಮನೆಯಲ್ಲಿ ವಿಚಾರಿಸಿದಾಗ ಮೀನಿನ ಸಾಸು ಹಾಕಿದ್ದು ನಿಜ ಅಂತ ಗೊತ್ತಾಯಿತು. ಅತ್ತೆ ಒಂದು ಮಾತೂ ಆಡಲಿಲ್ಲ. ಬಾಯಿ ತೊಳೆದುಕೊಂಡು ಬಂದು ಬಾಳೆಹಣ್ಣು ತಿಂದರು. ನನಗೆ ಮಾತ್ರ ಆ ಎಲೆಯ ಚಿತ್ರದ ಮೇಲೆ ಈಗಲೂ ಸಿಟ್ಟಿದೆ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಬೇಕು, ಅಲ್ವಾ?

ಅದೇ ಸಂಜೆ ಮೆಟ್ರೊಪೋಲ್‌ನಲ್ಲಿ ಅತಿಥಿಗಳಿಗೆ ನೆರವಾಗುವ ಕನ್ಸಿಯರ್ಜ್ ಮೇಜಿನಲ್ಲಿದ್ದ ಹೆಂಗಸು ನಮ್ಮ ಕಷ್ಟ ಕೇಳಿ, ಒಂದು ಕಾರ್ಡಿನ ಮೇಲೆ ವಿಯೆಟ್ನಾಮೀಸ್‌ನಲ್ಲಿ ಬರೆದುಕೊಟ್ಟರು. ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ಸಾಸು, ಸೀಗಡಿ ಪೇಸ್ಟು, ಆಯ್ಸ್ಟರ್ ಸಾಸು ಬೇಡ, ಎಲುಬಿನ ಸಾರು ಬೇಡ, ಬದಲಿಗೆ ಸೋಯಾ ಸಾಸು ಹಾಕಿ. "ಚಾಯ್ ಅಂತ ಬೋರ್ಡ್ ಇರುವ ಕಡೆ ಹೋಗಿ, ಅಲ್ಲಿ ಈ ಕಾರ್ಡೂ ಬೇಕಾಗಲಿಕ್ಕಿಲ್ಲ" ಅಂದರು. ಚಾಯ್ ಅನ್ನುವುದು ಬೌದ್ಧರ ವ್ರತದ ಊಟ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಎಷ್ಟೋ ಮನೆಗಳಲ್ಲಿ ಅದನ್ನೇ ಉಣ್ಣುತ್ತಾರೆ. ಕಟ್ಟುನಿಟ್ಟಾದ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಆ ಕಾರ್ಡು ಪ್ರವಾಸ ಮುಗಿಯುವವರೆಗೂ ಅತ್ತೆಯ ಪರ್ಸಿನಲ್ಲೇ ಇತ್ತು. ದೊಡ್ಡ ಹೋಟೆಲಿನಿಂದ ನಮಗೆ ಸಿಕ್ಕ ಎಲ್ಲ ಸೌಕರ್ಯದಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಅದೇ.

ಚಾಯ್ ಊಟದ ಮನೆಗೆ ಮೊದಲ ಸಲ ಹೋದಾಗ ಇನ್ನೊಂದು ಗಾಬರಿ ಕಾದಿತ್ತು. ತಟ್ಟೆಯಲ್ಲಿ ಇಡೀ ಮೀನು! ಹೊಳೆಯುವ ಕಪ್ಪು ಚರ್ಮ, ಬಾಲ ಎಲ್ಲ ಇದೆ. ಅತ್ತೆ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ನೋಡಿದರೆ ಅದು ಸೋಯಾದಿಂದ ಮಾಡಿದ್ದು, ಚರ್ಮದ ಜಾಗದಲ್ಲಿ ಸುತ್ತಿದ್ದು ಸಮುದ್ರದ ಪಾಚಿ. ಮಾಂಸದ ರೂಪ ಕೊಡುವುದು ಅಲ್ಲಿಯ ಬೌದ್ಧ ಅಡುಗೆಯಲ್ಲಿ ಹಳೆಯ ಪದ್ಧತಿ. ಅತ್ತೆ ಅದನ್ನು ಮುಟ್ಟಲಿಲ್ಲ. ರೂಪವೇ ಬೇಡ ಅಂದರೆ ಬೇಡ, ನಾವೂ ಒತ್ತಾಯಿಸಲಿಲ್ಲ. ಆದರೆ ಪಕ್ಕದಲ್ಲಿ ಬಂದ ಕಮಲದ ಬೀಜದ ಅನ್ನ, ಲಿಂಬೆಹುಲ್ಲಿನಲ್ಲಿ ಹುರಿದ ತೋಫು, ಅಣಬೆಯ ಸಾರು, ಬಾಳೆ ಹೂವಿನ ಕೋಸಂಬರಿ ಪೂರ್ತಿ ಖಾಲಿಯಾದವು. ಬಾಳೆ ಹೂವನ್ನು ಇಷ್ಟು ತೆಳ್ಳಗೆ ಹೇಗೆ ಹೆಚ್ಚುತ್ತಾರೆ ಅಂತ ಅತ್ತೆ ಒಳಗೆ ಹೋಗಿ ನೋಡಿಕೊಂಡೇ ಬಂದರು. ಭಾಷೆ ಬಾರದಿದ್ದರೂ ಇಬ್ಬರು ಹೆಂಗಸರು ಚಾಕು, ನಿಂಬೆನೀರು ತೋರಿಸಿಕೊಂಡು ಬಹಳ ಹೊತ್ತು ಮಾತಾಡಿದರು.

ನಮ್ಮ ನಾಲ್ವರಿಗೆ ಹನೋಯ್ ಅಂದರೆ ಚಾ ಕಾ. ಹೊಳೆಯ ಮೀನನ್ನು ಅರಿಸಿನದಲ್ಲಿ ನೆನೆಸಿ ಅರೆಬರೆ ಸುಟ್ಟು, ಮೇಜಿನ ಮೇಲೆ ಒಲೆಯಿಟ್ಟು, ಕಾದ ಎಣ್ಣೆಯಲ್ಲಿ ಹಾಕಿ, ಅದರ ಮೇಲೆ ರಾಶಿ ರಾಶಿ ಸಬ್ಬಸಿಗೆ ಸೊಪ್ಪು ಮತ್ತು ಈರುಳ್ಳಿ ಸೊಪ್ಪು ಸುರಿಯುತ್ತಾರೆ. ಸೊಪ್ಪು ಬಾಡುವುದಕ್ಕೆ ಮೊದಲೇ ಎತ್ತಿ, ಅಕ್ಕಿ ಶಾವಿಗೆ, ಕಡಲೆಕಾಯಿ ಬೀಜದ ಜೊತೆ ತಿನ್ನಬೇಕು. ಹಳೆಯ ಪೇಟೆಯಲ್ಲಿ ಈ ತಿನಿಸಿನ ಹೆಸರಿನ ಬೀದಿಯೇ ಇದೆ. ಮೀನಿಗೆ ಇಷ್ಟೊಂದು ಸಬ್ಬಸಿಗೆ ಹಾಕಬಹುದು ಅನ್ನುವುದು ನನಗೆ ಹೊಸದು. ಈಗ ಮನೆಯಲ್ಲೂ ಹಾಗೇ ಮಾಡುತ್ತೇನೆ. ಬೆಳಗ್ಗೆ ಕೋಳಿಯ ಫೋ, ಅಂದರೆ ಬಿಸಿ ಸಾರಿನಲ್ಲಿ ಅಕ್ಕಿ ಶಾವಿಗೆ. ಹೋಟೆಲಿನ ತಿಂಡಿಯಲ್ಲೂ ಫೋ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಬೀದಿಯ ಫೋ ಸಾರಿನಲ್ಲಿ ಇರುವ ಘಮ ಬೇರೆ. ಬಟ್ಟಲಿಗೆ 60,000 ಡಾಂಗ್ ಆಸುಪಾಸು, ಅಂದರೆ ಸುಮಾರು ಇನ್ನೂರು ರೂಪಾಯಿ.

ಸೊನ್ನೆಗಳು ನೋಡಿ ಗಾಬರಿಯಾಗಬೇಡಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಎಚ್ಚರ ಬೇಕಾದದ್ದು ಬಣ್ಣದ ವಿಷಯದಲ್ಲಿ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ರಾತ್ರಿಯ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮಗಳು ಮೊದಲ ದಿನವೇ ದೊಡ್ಡ ನೋಟುಗಳನ್ನು ಬೇರೆ ಚೀಲಕ್ಕೆ ಹಾಕಿಟ್ಟಳು. ಆಮೇಲೆ ಮಕ್ಕಳಿಬ್ಬರೂ ನೋಟಿನ ಹಿಂಬದಿಯ ಚಿತ್ರ ನೋಡುವುದಕ್ಕೆ ಶುರುಮಾಡಿದರು. ಒಂದು ಲಕ್ಷದ ನೋಟಿನಲ್ಲಿ ಹನೋಯ್‌ನ ಸಾಹಿತ್ಯ ದೇಗುಲ, ಐವತ್ತು ಸಾವಿರದ್ದರಲ್ಲಿ ಹ್ವೇ, ಇಪ್ಪತ್ತು ಸಾವಿರದ್ದರಲ್ಲಿ ಹೊಯ್ ಆನ್‌ನ ಮುಚ್ಚಿದ ಸೇತುವೆ. ನಮ್ಮ ಪ್ರವಾಸದ ಮೂರೂ ಊರು ಅದರಲ್ಲೇ ಇದ್ದವು! ಪ್ರತಿ ಜಾಗದಲ್ಲೂ ನೋಟು ಹಿಡಿದು, ಚಿತ್ರ ಎಲ್ಲಿಂದ ತೆಗೆದಿರಬಹುದು ಅಂತ ಹುಡುಕಿ, ಅಲ್ಲೇ ನಿಂತು ಫೋಟೋ. ಸಾಹಿತ್ಯ ದೇಗುಲ 1070ರದು. ಅಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳಿವೆ, ಹಿಂದಿನ ಕಾಲದ ದೊಡ್ಡ ಪರೀಕ್ಷೆಗಳಲ್ಲಿ ಗೆದ್ದವರ ಹೆಸರುಗಳು ಅವುಗಳ ಮೇಲೆ. ಪರೀಕ್ಷೆ ಬರೆಯಲಿರುವ ಮಕ್ಕಳು ಇವತ್ತಿಗೂ ಅಲ್ಲಿಗೆ ಬಂದು ಬೇಡಿಕೊಳ್ಳುತ್ತಾರೆ. ಮಗಳೂ ಕೈ ಮುಗಿದಳು.

ಹನೋಯ್‌ನಿಂದ ಹ್ವೇಗೆ ವಿಮಾನದಲ್ಲಿ ಹೋದೆವು. 1802ರಿಂದ 1945ರವರೆಗೆ ನುಯೆನ್ ಅರಸರ ರಾಜಧಾನಿಯಾಗಿದ್ದ ಊರು. ಅಲ್ಲಿ ಉಳಿದದ್ದು ಅಜೆರೈ ಲಾ ರೆಸಿಡೆನ್ಸ್‌ನಲ್ಲಿ. ಫ್ರೆಂಚ್ ಅಧಿಕಾರಿಯ ನಿವಾಸಕ್ಕೆ ಸೇರಿದ ಕಟ್ಟಡ, ಈಗ ಹೋಟೆಲು. ಹಡಗಿನ ಹಾಗೆ ದುಂಡಗಿನ ಮುಂಭಾಗ, ಎದುರಿಗೆ ಸುಗಂಧ ನದಿ. ಮೂರೂ ಹೋಟೆಲುಗಳಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ಗದ್ದಲವಿಲ್ಲ. ಕೆಲಸದವರು ಕೇಳಿದ್ದಕ್ಕೆ ಮಾತ್ರ ಬರುತ್ತಾರೆ. ಹ್ವೇಯ ಮಧ್ಯಾಹ್ನದ ಬಿಸಿಲು ಹನೋಯ್‌ಗಿಂತ ಜೋರು. ಬೆಳಗ್ಗೆ ಕೋಟೆಯೊಳಗೆ ಅರಮನೆಯ ಅಂಗಳಗಳನ್ನು ಸುತ್ತಿ ಬೆವರಿಳಿಸಿಕೊಂಡು ಬಂದು, ಪರದೆ ಎಳೆದು ಮಲಗಿದ ಆ ಮೂರು ಗಂಟೆಗಳಲ್ಲೇ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಎದ್ದವರೇ "ಈಗ ಹೇಳು, ಎಲ್ಲಿಗೆ ಹೋಗೋಣ?" ಅಂದರು.

ಹ್ವೇಯ ಊಟ ಚಿಕ್ಕ ಚಿಕ್ಕ ತಟ್ಟೆಗಳದು. ಬಾನ್ ಬೆಯೊ ಅಂದರೆ ಪುಟ್ಟ ಬಟ್ಟಲಿನಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿ ಹಿಟ್ಟಿನ ಬಿಲ್ಲೆ, ಮೇಲೆ ಒಣ ಸೀಗಡಿಯ ಪುಡಿ. ಬಟ್ಟಲುಗಳನ್ನು ತಟ್ಟೆ ತುಂಬ ಜೋಡಿಸಿ ತರುತ್ತಾರೆ, ಒಂದೊಂದನ್ನೇ ಚಮಚದಲ್ಲಿ ಕೆದಕಿ ತಿನ್ನಬೇಕು. ಚಾಯ್ ಮನೆಯಲ್ಲಿ ಅದನ್ನೇ ಹೆಸರುಬೇಳೆ ಹಾಕಿ ಕೊಟ್ಟರು. ಈ ಊರಿನ ತುಂಬ ಬೌದ್ಧ ಗುಡಿಗಳು, ಆದ್ದರಿಂದ ಚಾಯ್ ಅಡುಗೆ ಇಲ್ಲಿ ಬಹಳ ಬೆಳೆದಿದೆ. ಚಕ್ರವರ್ತಿ ಕೂಡ ಆಕಾಶಕ್ಕೆ ಮಾಡುವ ನಾಮ್ ಜಾವ್ ಪೂಜೆಗೆ ಮೊದಲು ವ್ರತ ಹಿಡಿದು ಬೇರೆ ಇರುತ್ತಿದ್ದ. ಅದು ಗೊತ್ತಾದ ಮೇಲೆ ಅತ್ತೆಗೆ ಹ್ವೇ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ಮಕ್ಕಳು ಕೋಮ್ ಹೆನ್ ತಿಂದರು, ನದಿಯ ಪುಟ್ಟ ಚಿಪ್ಪುಗಳ ಮಾಂಸ ಹಾಕಿದ ಅನ್ನ. ಖಾರ ಅಂದರೆ ಖಾರ. ಕಣ್ಣಲ್ಲಿ ನೀರು ಸುರಿದರೂ ಬಿಡಲಿಲ್ಲ. ಕೊನೆಗೆ ಎಲ್ಲರಿಗೂ ಚೆ, ಕಮಲದ ಬೀಜ, ಅಲಸಂದೆ, ಹೆಸರುಬೇಳೆ, ಹೀಗೆ ಹತ್ತಾರು ಬಗೆಯ ಸಿಹಿ ಪಾಯಸಗಳು. ಇಲ್ಲಿಯದೇ ಇನ್ನೊಂದು, ಉಪ್ಪಿನ ಕಾಫಿ. ಕೆನೆಗೆ ಚಿಟಿಕೆ ಉಪ್ಪು ಹಾಕಿ ಕಡೆದು ಕಾಫಿಯ ಮೇಲೆ ಹಾಕುತ್ತಾರೆ. ಅತ್ತೆ ತೆಂಗಿನ ಹಾಲನ್ನು ಮರೆತೇಬಿಟ್ಟರು.

ಥಿಯೆನ್ ಮು ಗುಡಿಗೆ ಸಂಜೆ ಹೋದೆವು. ಏಳು ಅಂತಸ್ತಿನ ಗೋಪುರ, ಕೆಳಗೆ ನದಿ. ಹಿಂದುಗಡೆ ಒಂದು ಹಳೆಯ ನೀಲಿ ಆಸ್ಟಿನ್ ಕಾರು ನಿಲ್ಲಿಸಿದ್ದಾರೆ. 1963ರಲ್ಲಿ ಭಿಕ್ಷು ಥಿಕ್ ಕ್ವಾಂಗ್ ಡುಕ್ ಆ ಕಾರಿನಲ್ಲಿ ಸೈಗಾನ್‌ನ ನಡುರಸ್ತೆಗೆ ಹೋಗಿ, ಬೌದ್ಧರ ಮೇಲಿನ ದಬ್ಬಾಳಿಕೆಯನ್ನು ವಿರೋಧಿಸಿ ಬೆಂಕಿ ಹಚ್ಚಿಕೊಂಡಿದ್ದರು. ಅಲ್ಲಿ ನಾವು ಯಾರೂ ಫೋಟೋ ತೆಗೆಯಲಿಲ್ಲ.

ಹೊಯ್ ಆನ್‌ಗೆ ಹೋಗಲು ಡಾ ನಾಂಗ್‌ನಲ್ಲಿ ಇಳಿಯಬೇಕು. ಹ್ವೇಯಿಂದ ಅಲ್ಲಿಗೆ ರೈಲಿನಲ್ಲೇ ಹೋಗಿ. ಕಾರಿನಲ್ಲಿ ಬೇಗ ಆಗುತ್ತದೆ, ನಿಜ. ಆದರೆ ರೈಲು ಹಾಯ್ ವಾನ್ ಘಟ್ಟದಲ್ಲಿ ಸಮುದ್ರದ ಅಂಚಿಗೇ ಹೋಗುತ್ತದೆ. ಮೂರು ಗಂಟೆಯ ಆಸುಪಾಸಿನ ದಾರಿ. ಸಮುದ್ರ ಎಡಗಡೆ ಇರುತ್ತದೆ, ಸೀಟು ಆ ಕಡೆಗೇ ಕೇಳಿ.

ಹೊಯ್ ಆನ್‌ನಲ್ಲಿ ಥು ಬೋನ್ ನದಿಯ ದಂಡೆಯ ಒಂದು ಹೋಟೆಲು. ಇಲ್ಲೇ ಇಮೇಲ್ ಕೆಲಸಕ್ಕೆ ಬಂದದ್ದು. ಚೆಕ್-ಇನ್ ಮಾಡುವಾಗ ಎರಡು ರೂಮು ಬೇರೆ ಬೇರೆ ಮಹಡಿಯಲ್ಲಿ ಕೊಟ್ಟರು. ಹೋಟೆಲು ತುಂಬಿದೆ, ಏನೂ ಮಾಡುವ ಹಾಗಿಲ್ಲ ಅಂದರು. ಇವರು ಫೋನ್ ತೆಗೆದು ಅವರದೇ ಉತ್ತರ ತೋರಿಸಿದರು. ಜೋರು ಮಾತಿಲ್ಲ, ಜಗಳವಿಲ್ಲ. ಮ್ಯಾನೇಜರ್ ಬಂದು ಓದಿ, ಅರ್ಧ ಗಂಟೆ ಕಾಯಿಸಿ, ನಡುವೆ ಬಾಗಿಲಿರುವ ರೂಮುಗಳನ್ನೇ ಕೊಟ್ಟರು. ಬಾಯಲ್ಲಿ ಹೇಳಿದ್ದಾಗಿದ್ದರೆ ಸಿಗುತ್ತಿರಲಿಲ್ಲ.

ಹೊಯ್ ಆನ್‌ಗೆ ಹೋಗುವ ತಾರೀಕನ್ನು ನಾವು ಚಂದ್ರನನ್ನು ನೋಡಿ ಆರಿಸಿದ್ದೆವು. ಚಾಂದ್ರಮಾನದ ಹದಿನಾಲ್ಕನೆಯ ರಾತ್ರಿ ಹಳೆಯ ಪೇಟೆಯಲ್ಲಿ ವಿದ್ಯುತ್ ದೀಪ ಆರಿಸಿ ಬರೀ ಲಾಟೀನು ಹಚ್ಚುತ್ತಾರೆ. ಮರುದಿನ ಹುಣ್ಣಿಮೆ, ಊರೆಲ್ಲ ಚಾಯ್ ಊಟ. ಅವತ್ತು ಅತ್ತೆಗೆ ಕಾರ್ಡೇ ಬೇಕಾಗಲಿಲ್ಲ. ಮಾಮೂಲಿ ಅಂಗಡಿಗಳಲ್ಲೂ ಚಾಯ್ ಬಾನ್ ಮಿ (ಅಲ್ಲಿಯ ಬ್ರೆಡ್ಡಿನ ಸ್ಯಾಂಡ್‌ವಿಚ್), ಚಾಯ್ ಕಾವ್ ಲಾವ್. ಕಾವ್ ಲಾವ್ ಈ ಊರಿನದೇ ದಪ್ಪ ಶಾವಿಗೆ. ಬಾ ಲೆ ಅನ್ನುವ ಹಳೆಯ ಬಾವಿಯ ನೀರು, ಮರದ ಬೂದಿಯ ತಿಳಿ ಹಾಕಿ ಹಿಟ್ಟು ಕಲಸಿದರೇ ಆ ಹದ ಬರುತ್ತದೆ ಅಂತ ಊರಿನವರು ಹೇಳುತ್ತಾರೆ. ಅಗಿಯುವಾಗ ಒಂದು ಬಿಗಿ ಇರುತ್ತದೆ, ಬೇರೆ ಯಾವ ಶಾವಿಗೆಯಲ್ಲೂ ನನಗೆ ಅದು ಸಿಕ್ಕಿಲ್ಲ.

ಹೋಟೆಲಿನವರು ಅಡುಗೆ ಕಲಿಸುವ ತರಗತಿ ಇಟ್ಟಿದ್ದರು. ಬೆಳಗ್ಗೆ ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಸೊಪ್ಪು ಗುರುತಿಸುವುದು ಕಲಿಸಿ, ಆಮೇಲೆ ಒಲೆಯ ಮುಂದೆ ನಿಲ್ಲಿಸಿದರು. ಬಾನ್ ಸೆಯೊಗೆ ಅಕ್ಕಿ ಹಿಟ್ಟು, ಅರಿಸಿನ, ನೀರು. ಕಾದ ಬಾಣಲೆಗೆ ಹಾಕಿದಾಗ ಚುಂಯ್ ಅನ್ನಬೇಕು. ನಮ್ಮ ನೀರುದೋಸೆಯ ಗರಿಗರಿ ತಂಗಿ ಅನ್ನಬಹುದು. ಬಾಣಲೆ ತಿರುಗಿಸುವುದನ್ನು ಅತ್ತೆ ಒಂದೇ ಸಲಕ್ಕೆ ಹಿಡಿದರು. ಕಲಿಸುವಾಕೆ ಚಪ್ಪಾಳೆ ತಟ್ಟಿ, ಪಕ್ಕದ ಮೇಜಿನವರಿಗೂ ತೋರಿಸಿ ಅಂತ ಕರೆದುಕೊಂಡು ಹೋದರು. ಅದರೊಳಗೆ ಮೊಳಕೆ ಕಾಳು ಇಟ್ಟು ಮಡಚಿ, ಸೊಪ್ಪಿನ ಜೊತೆ ಅಕ್ಕಿ ಹಾಳೆಯಲ್ಲಿ ಸುತ್ತಿ, ಚಟ್ನಿಗೆ ಅದ್ದಿ ತಿನ್ನುವುದು. ಹಣ ಕೊಟ್ಟದ್ದು ಸಾರ್ಥಕ ಅಂತ ಅತ್ತೆ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.

ಮಿ ಸನ್‌ನ ಹಳೆಯ ಶಿವನ ಗುಡಿಗಳನ್ನು ನೋಡಲು ಹೊರಡುವುದಾದರೆ ನಸುಕಿನಲ್ಲೇ ಹೊರಡಿ. ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಹಿಂದಿನ ರಾತ್ರಿಯೇ ಹೇಳಿದರೆ ಹೋಟೆಲಿನವರು ತಿಂಡಿಯನ್ನು ಡಬ್ಬಿಗೆ ಕಟ್ಟಿಕೊಡುತ್ತಾರೆ. ನಾಲ್ಕನೆಯ ಶತಮಾನದಲ್ಲಿ ಚಂಪಾ ದೇಶದ ರಾಜ ಭದ್ರವರ್ಮ ಇಲ್ಲಿ ಭದ್ರೇಶ್ವರ ಅಂತ ಶಿವನನ್ನು ಪ್ರತಿಷ್ಠೆ ಮಾಡಿದ. ಬೆಟ್ಟದ ಬುಡದಲ್ಲಿ ಇಟ್ಟಿಗೆಯ ಗುಡಿಗಳು, ಸಂಸ್ಕೃತದ ಶಾಸನಗಳು. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಅತಿ ದೊಡ್ಡ ಗೋಪುರವೇ ಬಿದ್ದುಹೋಯಿತು. ಬಾಂಬಿನ ಗುಂಡಿಗಳು ಹುಲ್ಲು ಬೆಳೆದು ಹಾಗೇ ಇವೆ. ಭಾರತದ ಪುರಾತತ್ತ್ವ ಇಲಾಖೆಯವರು ಇಲ್ಲಿ ಕೆಲವು ಗುಡಿಗಳ ದುರಸ್ತಿ ಮಾಡಿದ್ದಾರೆ. 2020ರಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಮಣ್ಣಿನಿಂದ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಬೇರೆ ಪ್ರವಾಸಿಗರು ಬರುವ ಮೊದಲು ಅವರಿಗೆ ಸ್ವಲ್ಪ ಹೊತ್ತು ಅಲ್ಲಿ ಒಬ್ಬರೇ ನಿಲ್ಲಲು ಸಿಕ್ಕಿತು. ಎಂಟು ಗಂಟೆಯ ಮೇಲೆ ಬಸ್ಸುಗಳು ಬರುವುದಕ್ಕೆ ಶುರುವಾಗುತ್ತವೆ.

ವಾಪಸ್ ವಿಮಾನ ರಾತ್ರಿಯಿತ್ತು. ಹನ್ನೆರಡಕ್ಕೇ ರೂಮು ಬಿಟ್ಟುಕೊಟ್ಟು ಅತ್ತೆಯನ್ನು ಲಾಬಿಯ ಸೋಫಾದಲ್ಲಿ ಕೂರಿಸುವುದು ನಮಗೆ ಬೇಡವಾಗಿತ್ತು. ಬುಕ್ ಮಾಡುವಾಗಲೇ ಸಂಜೆ ಆರರವರೆಗೆ ಒಂದು ರೂಮಿಗೆ ಅರ್ಧ ದಿನದ ಬಾಡಿಗೆ ಮಾತಾಡಿಕೊಂಡಿದ್ದೆವು. ಎಲ್ಲರ ಪೆಟ್ಟಿಗೆಯೂ ಆ ರೂಮಿಗೆ ಬಂತು, ಎಲ್ಲರ ಸ್ನಾನವೂ ಅಲ್ಲೇ ಆಯಿತು. ಬಿಲ್ಲನ್ನು ಇವರು ಸಾಲು ಸಾಲಾಗಿ ಓದಿದರು. ನಾವು ಕುಡಿಯದ ಒಂದು ಮಿನಿಬಾರ್ ಸೋಡಾ ಇತ್ತು, ಹೇಳಿದ ತಕ್ಷಣ ತೆಗೆದರು. ಚೆಕ್-ಇನ್ ದಿನ ಕಾರ್ಡಿನ ಮೇಲೆ ತಡೆಹಿಡಿದಿದ್ದ ಮುಂಗಡ ಬಿಡುಗಡೆಯಾಗಲು ಕೆಲವು ದಿನ ಬೇಕು ಅಂದರು, ಹಾಗೇ ಊರಿಗೆ ಬಂದ ಮೇಲೆ ಬಂತು. ಕಾರು ಬರುವಷ್ಟರಲ್ಲಿ ಮಗ ಉಳಿದ ಚಿಲ್ಲರೆ ನೋಟೆಲ್ಲ ಲೆಕ್ಕ ಹಾಕಿ, ರಸ್ತೆಯಾಚೆಯ ಗಾಡಿಗೆ ಅಜ್ಜಿಯನ್ನು ಕರೆದುಕೊಂಡು ಹೋಗಿ ಎರಡು ಚಾಯ್ ಬಾನ್ ಮಿ ಕಟ್ಟಿಸಿಕೊಂಡು ಬಂದ. ರಸ್ತೆ ದಾಟಿಸಿದ್ದು ಅಜ್ಜಿ.